ಬೀಟಾ ಅಡ್ರೆನರ್ಜಿಕ್ ಉತ್ತೇಜಕಗಳೂ ಸ್ನಾಯುಗಳ ಸೆಳೆತವೂ

ಉಬ್ಬಸದಿಂದ ಬಳಲುವವನು ಸಾಲ್ಬುಟಮಾಲ್ ಎಂಬ ಔಷಧವನ್ನು ಸೇದಿಕೊಂಡ ಕೆಲವೇ ನಿಮಿಷಗಳಲ್ಲಿ ಎದೆಯ ಬಿಗಿತ ಸಡಿಲಗೊಂಡು ಉಸಿರು ಸರಾಗವಾಗುತ್ತದೆ. ಅದೇ ಹೊತ್ತಿಗೆ ಅವನು ಲೇಖನಿ ಹಿಡಿದು ಬರೆಯಹೊರಟರೆ ಅಕ್ಷರಗಳು ಸೊಟ್ಟಗಾಗುವುದುಂಟು, ಬೆರಳುಗಳು ನಡುಗುತ್ತವೆ. ಇನ್ನು ಕೆಲವರಿಗೆ ರಾತ್ರಿ ಮಲಗಿದಾಗ ಮೀನಖಂಡ ಕಲ್ಲಿನಂತೆ ಸೆಟೆದು ನೋಯುತ್ತದೆ. ಈ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಒಂದು ಸ್ನಾಯುವಿನ ಸೆಳೆತವನ್ನು ಬಿಡಿಸುವ ಮದ್ದು ಮತ್ತೊಂದು ಸ್ನಾಯುವಿಗೆ ನಡುಕವನ್ನೂ ಸೆಳೆತವನ್ನೂ ತರುವುದೇಕೆ? ಉತ್ತೇಜಕವೆಂದು ಹೆಸರಾದದ್ದು ಸಡಿಲಿಸುವುದಾದರೂ ಹೇಗೆ? ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಹುಡುಕುತ್ತ ಹೋದ ಸಂಶೋಧನೆಯ ಕಥೆ ಸುಮಾರು ಒಂದೂಕಾಲು ಶತಮಾನದಷ್ಟು ಉದ್ದವಾಗಿದೆ. ಅದರ ನಡುವೆ ಸಾವಿರಾರು ಸಾವುಗಳ ಲೆಕ್ಕವೂ ಇದೆ. ಪ್ರಕೃತ ಲೇಖನದಲ್ಲಿ ಅದನ್ನು ಕಾಲೇಜಿನ ವಾಚಕರಿಗೆ ತಿಳಿಯುವಂತೆ ಹೇಳಲು ಯತ್ನಿಸಿದ್ದೇವೆ.

ಮೊದಲು ಮಾತಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಸೆಳೆತವೆಂದು ನಾವು ಕರೆಯುವುದು ಒಂದೇ ವಸ್ತುವಲ್ಲ. ನಮ್ಮ ದೇಹದಲ್ಲಿ ಎಲುಬಿಗೆ ಅಂಟಿಕೊಂಡು ನಮ್ಮ ಇಚ್ಛೆಗೆ ಒಳಪಟ್ಟು ನಡೆಯುವ ಐಚ್ಛಿಕ ಸ್ನಾಯುಗಳಿವೆ. ಕರುಳು, ಗರ್ಭಕೋಶ, ರಕ್ತನಾಳ, ಶ್ವಾಸನಾಳ ಮೊದಲಾದವುಗಳ ಗೋಡೆಯಲ್ಲಿದ್ದು ನಮ್ಮ ಇಚ್ಛೆಯನ್ನು ಕೇಳದೆ ಕೆಲಸಮಾಡುವ ಅನೈಚ್ಛಿಕ ಸ್ನಾಯುಗಳೂ ಇವೆ. ಐಚ್ಛಿಕ ಸ್ನಾಯು ತನ್ನ ನರ ಹೇಳಿದಾಗ ಮಾತ್ರ ಸಂಕೋಚಿಸುತ್ತದೆ; ನರದ ಅಪ್ಪಣೆ ನಿಂತರೆ ಸಡಿಲಗೊಳ್ಳುತ್ತದೆ. ಅನೈಚ್ಛಿಕ ಸ್ನಾಯುವಿನ ರೀತಿ ಬೇರೆ. ಅದು ಯಾವಾಗಲೂ ಒಂದಿಷ್ಟು ಬಿಗಿಯಾಗಿಯೇ ಇರುತ್ತದೆ. ನರಗಳಿಂದಲೂ ರಕ್ತದಲ್ಲಿ ಹರಿದುಬರುವ ರಾಸಾಯನಿಕ ವಸ್ತುಗಳಿಂದಲೂ ಆ ಬಿಗಿ ಏರುತ್ತದೆ, ಇಳಿಯುತ್ತದೆ. ಮೀನಖಂಡದ ಸೆಟೆತವೂ ಉಬ್ಬಸದ ಬಿಗಿತವೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಹುಟ್ಟಿನಲ್ಲಿ ಬೇರೆಬೇರೆ ಮನೆಯವು.

ಶ್ವಾಸನಾಳದ ಸಣ್ಣ ಕವಲುಗಳಲ್ಲಿ ಸ್ನಾಯು ಬಳೆಯಂತೆ ಸುತ್ತುವರಿದಿರುತ್ತದೆ. ಅದು ಸೆಳೆದುಕೊಂಡರೆ ನಾಳದ ಬಾಯಿ ಕಿರಿದಾಗುತ್ತದೆ. ಈ ಕಿರಿದಾಗುವಿಕೆಯ ಫಲ ನಾವು ಊಹಿಸುವುದಕ್ಕಿಂತ ಎಷ್ಟೋ ಹೆಚ್ಚು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ವಾಸಿಯನ ಸೂತ್ರ ನೆನಪಿರಬಹುದು: ಸಮಗತಿಯ ಪ್ರವಾಹದಲ್ಲಿ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ನಾಳದ ತ್ರಿಜ್ಯ ಅರ್ಧವಾದರೆ ತಡೆ ಎರಡರಷ್ಟಲ್ಲ, ಹದಿನಾರರಷ್ಟಾಗುತ್ತದೆ. ಸ್ನಾಯುವನ್ನು ತುಸು ಸಡಿಲಿಸಿದರೂ ರೋಗಿಗೆ ಹೋದ ಜೀವ ಬಂದಂತಾಗುವುದು ಈ ಕಾರಣದಿಂದಲೇ.

ಸಡಿಲಿಸುವ ವಸ್ತು ನಮ್ಮ ದೇಹದಲ್ಲೇ ಇದೆಯೆಂಬುದು ತಿಳಿದದ್ದು ಆಕಸ್ಮಿಕವಾಗಿ. ೧೮೯೪-೯೫ರಲ್ಲಿ ಲಂಡನ್ನಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಎಂಬುವರು ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಸಾರವು ರಕ್ತದೊತ್ತಡವನ್ನು ಏರಿಸುವುದನ್ನು ಕಂಡರು. ೧೯೦೧ರ ವೇಳೆಗೆ ಜಪಾನಿನ ಜೋಕಿಚಿ ತಾಕಾಮೀನೆ ಅಮೆರಿಕದಲ್ಲಿದ್ದುಕೊಂಡು ಅದರ ಸತ್ವವನ್ನು ಹರಳಾಗಿ ಬೇರ್ಪಡಿಸಿ ಅಡ್ರಿನಲಿನ್ ಎಂದು ಹೆಸರಿಟ್ಟನು. ೧೯೦೩ರಲ್ಲಿಯೇ ನ್ಯೂಯಾರ್ಕಿನಲ್ಲಿ ಉಬ್ಬಸದ ರೋಗಿಗಳಿಗೆ ಅದನ್ನು ಚುಚ್ಚಿ ಕೊಟ್ಟು ಗುಣ ಕಂಡರು. ಆದರೆ ಒಗಟು ಅಲ್ಲಿಯೇ ಆರಂಭವಾಯಿತು. ಚರ್ಮದ ರಕ್ತನಾಳಗಳನ್ನು ಸೆಳೆಸುವ ಅಡ್ರಿನಲಿನ್ನೇ ಶ್ವಾಸನಾಳವನ್ನು ಸಡಿಲಿಸುತ್ತದೆ. ಗುಂಡಿಗೆಯನ್ನು ಬಡಿದೆಬ್ಬಿಸುವ ಅದೇ ವಸ್ತು ಕರುಳನ್ನು ಸುಮ್ಮನಿರಿಸುತ್ತದೆ. ಒಂದೇ ಕೀಲಿಕೈ ಒಂದು ಬಾಗಿಲನ್ನು ತೆರೆದು ಇನ್ನೊಂದನ್ನು ಮುಚ್ಚುವಂತಾಯಿತು. ಬಹುಕಾಲ ವಿದ್ವಾಂಸರು ಇದಕ್ಕೆ ಕಾರಣವಾಗಿ ಉತ್ತೇಜಿಸುವ ಒಂದು ವಸ್ತು, ತಡೆಯುವ ಇನ್ನೊಂದು ವಸ್ತು ಎಂದು ಎರಡನ್ನು ಕಲ್ಪಿಸಿದರು. ೧೯೪೮ರಲ್ಲಿ ಜಾರ್ಜಿಯದ ರೇಮಂಡ್ ಆಲ್‌ಕ್ವಿಸ್ಟ್ ಈ ವಿಚಾರಸರಣಿಯನ್ನು ತಿರುಗಿಸಿಟ್ಟನು. ಅಡ್ರಿನಲಿನ್ನಿನ ಹತ್ತಿರದ ಬಂಧುಗಳಾದ ಕೆಲವು ವಸ್ತುಗಳನ್ನು ಒಂದೊಂದು ಅಂಗದ ಮೇಲೂ ಪ್ರಯೋಗಿಸಿ, ಅವುಗಳ ಬಲದ ತಾರತಮ್ಯವನ್ನು ಪಟ್ಟಿಮಾಡಿದಾಗ ಎರಡೇ ಬಗೆಯ ಕ್ರಮಗಳು ಕಂಡುಬಂದವು. ಭೇದವಿರುವುದು ಕೀಲಿಕೈಯಲ್ಲಲ್ಲ, ಬೀಗದಲ್ಲಿ. ಅಂದರೆ ಜೀವಕೋಶದ ಗ್ರಾಹಕದಲ್ಲಿ. ಒಂದನ್ನು ಆಲ್ಫಾ, ಇನ್ನೊಂದನ್ನು ಬೀಟಾ ಎಂದು ಅವನು ಕರೆದನು. ಇಷ್ಟು ದೊಡ್ಡ ಮಾತನ್ನಾಡಿದ ಲೇಖನವನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ಹಿಂತಿರುಗಿಸಿತು. ಅಂಗಕ್ರಿಯಾಶಾಸ್ತ್ರದ ಪತ್ರಿಕೆ ಪ್ರಕಟಿಸಿತು. ಲೇಖನ ಹಿಂತಿರುಗಿತೆಂದು ಮುಖ ಬಾಡಿಸಿಕೊಳ್ಳುವ ನಮ್ಮ ತರುಣ ಸಂಶೋಧಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

‘ಬೀಟಾ ಉತ್ತೇಜಕ’ವೆಂಬ ಹೆಸರಿನ ಅರ್ಥ ಈಗ ಸ್ಪಷ್ಟವಾಗುತ್ತದೆ. ಅದು ಉತ್ತೇಜಿಸುವುದು ಸ್ನಾಯುವನ್ನಲ್ಲ, ಗ್ರಾಹಕವನ್ನು. ಎಚ್ಚೆತ್ತ ಗ್ರಾಹಕ ಏನು ಮಾಡುವುದೆಂಬುದು ಆಯಾ ಜೀವಕೋಶದ ಒಳಗಿನ ಏರ್ಪಾಟನ್ನು ಅವಲಂಬಿಸಿದೆ. ಈ ಒಳಗಿನ ಏರ್ಪಾಟಿನ ಮೊದಲ ಕೊಂಡಿಯನ್ನು ೧೯೫೦ರ ದಶಕದ ಕೊನೆಯಲ್ಲಿ ಅರ್ಲ್ ಸದರ್‌ಲೆಂಡ್ ಪತ್ತೆಹಚ್ಚಿ ೧೯೭೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಹೊರಗಿನ ಸುದ್ದಿಯನ್ನು ಒಳಗೆ ಒಯ್ಯುವ ಎರಡನೆಯ ದೂತನೊಬ್ಬನಿದ್ದಾನೆ. ಅವನ ಹೆಸರು ಸೈಕ್ಲಿಕ್ ಎಎಂಪಿ. ಶ್ವಾಸನಾಳದ ಸ್ನಾಯುವಿನಲ್ಲಿ ಈ ವಸ್ತು ಹೆಚ್ಚಿದಾಗ ಜೀವಕೋಶದೊಳಗಿನ ಸ್ವತಂತ್ರ ಕ್ಯಾಲ್ಸಿಯಂ ತಗ್ಗುತ್ತದೆ, ಸಂಕೋಚನವನ್ನು ನಡೆಸುವ ಕಿಣ್ವದ ಚುರುಕು ಕುಗ್ಗುತ್ತದೆ, ಪೊಟಾಸಿಯಂ ಹೊರಹೋಗುವ ದ್ವಾರಗಳು ತೆರೆಯುತ್ತವೆ. ಮೂರೂ ಸೇರಿ ಸ್ನಾಯು ಸಡಿಲಗೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಬ್ಬಸದ ಮೇಲೆ ಗ್ರಂಥ ಬರೆದ, ಸ್ವತಃ ಉಬ್ಬಸದ ರೋಗಿಯಾಗಿದ್ದ ಇಂಗ್ಲೆಂಡಿನ ಹೆನ್ರಿ ಹೈಡ್ ಸಾಲ್ಟರ್ ಗಟ್ಟಿ ಕಾಫಿಯನ್ನು ಹೊಗಳಿದ್ದನು. ಕಾಫಿಯ ಸತ್ವವೂ ಅದರ ಬಂಧುವಾದ ಥಿಯೊಫಿಲಿನ್ನೂ ಈ ದೂತನನ್ನು ನಾಶಮಾಡುವ ಕಿಣ್ವವನ್ನು ತಡೆಯಬಲ್ಲವೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. (ಒಂದು ಲೋಟ ಕಾಫಿಯಿಂದ ಉಬ್ಬಸ ಗುಣವಾಗುವುದೆಂದು ಯಾರೂ ಭಾವಿಸಬಾರದು.)

ಇನ್ನು ಕಥೆಯ ಕಹಿ ಭಾಗಕ್ಕೆ ಬರೋಣ. ೧೯೪೦ರ ಸುಮಾರಿನಲ್ಲಿ ಐಸೊಪ್ರಿನಲಿನ್ ಎಂಬ ಕೃತಕ ವಸ್ತು ತಯಾರಾಯಿತು. ಅದು ಆಲ್ಫಾವನ್ನು ಬಿಟ್ಟು ಬೀಟಾವನ್ನು ಮಾತ್ರ ಮುಟ್ಟುತ್ತದೆ. ಆದರೆ ಶ್ವಾಸನಾಳದ ಬೀಟಾವನ್ನೂ ಗುಂಡಿಗೆಯ ಬೀಟಾವನ್ನೂ ಸಮನಾಗಿ ಮುಟ್ಟುತ್ತದೆ. ೧೯೫೬ರಲ್ಲಿ ಅಮೆರಿಕದ ರೈಕರ್ ಸಂಸ್ಥೆಯವರು ಒಂದೊಂದು ಒತ್ತಿಗೂ ಅಳತೆಯ ಪ್ರಮಾಣವನ್ನು ಚಿಮ್ಮಿಸುವ ಕಿರುಡಬ್ಬಿಯನ್ನು ಮಾರುಕಟ್ಟೆಗೆ ತಂದರು. ಜೇಬಿನಲ್ಲಿ ಹಿಡಿಸುವ ಈ ಸಾಧನ ರೋಗಿಗಳಿಗೆ ವರವೆನಿಸಿತು. ಇಂಗ್ಲೆಂಡಿನಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಅದು ಅಂಗಡಿಯಲ್ಲಿ ದೊರಕುತ್ತಿದ್ದಿತು.

ಆಮೇಲೆ ಅಲ್ಲಿಯ ಮರಣಗಣತಿಯಲ್ಲಿ ವಿಚಿತ್ರವೊಂದು ಕಾಣಿಸಿಕೊಂಡಿತು. ನೂರು ವರ್ಷಗಳ ಕಾಲ ಹೆಚ್ಚು ಏರಿಳಿತವಿಲ್ಲದೆ ನಡೆದುಬಂದಿದ್ದ ಉಬ್ಬಸದ ಸಾವುಗಳು ೧೯೬೦ರ ನಂತರ ಏರತೊಡಗಿದವು. ಸ್ಪೈಜರ್, ಡಾಲ್ ಮತ್ತು ಹೀಫ್ ಎಂಬ ಸಂಶೋಧಕರು ೧೯೬೮ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಈ ಸಾವುಗಳು ಏಳು ವರ್ಷಗಳೊಳಗೆ ಸುಮಾರು ಎಂಟರಷ್ಟಾಗಿದ್ದವು. ರೋಗವನ್ನು ಗುರುತಿಸುವ ರೀತಿ ಬದಲಾಯಿತೇ? ರೋಗಿಗಳ ಸಂಖ್ಯೆಯೇ ಹೆಚ್ಚಿತೇ? ಒಂದೊಂದನ್ನೂ ಪರೀಕ್ಷಿಸಿ ತಳ್ಳಿಹಾಕಿದ ಮೇಲೆ ಉಳಿದದ್ದು ಹೊಸ ಚಿಕಿತ್ಸೆಯ ಮೇಲಿನ ಸಂಶಯ. ೧೯೬೭ರ ಜೂನಿನಲ್ಲಿ ಬ್ರಿಟಿಷ್ ವೈದ್ಯರಿಗೆಲ್ಲ ಎಚ್ಚರಿಕೆಯ ಪತ್ರ ಹೋಯಿತು, ೧೯೬೮ರಲ್ಲಿ ಚೀಟಿಯಿಲ್ಲದ ಮಾರಾಟ ನಿಂತಿತು, ಸಾವುಗಳು ಇಳಿದವು. ೧೯೭೨ರಲ್ಲಿ ಪಾಲ್ ಸ್ಟೋಲಿ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದನು. ಅಮೆರಿಕದಲ್ಲಿಯೂ ಈ ಡಬ್ಬಿಗಳು ಬಳಕೆಯಲ್ಲಿದ್ದುವಷ್ಟೆ; ಅಲ್ಲಿ ಸಾವುಗಳು ಏರಲಿಲ್ಲ. ಇಂಗ್ಲೆಂಡಿನಲ್ಲಿ ಮಾರಾಟವಾದ ಡಬ್ಬಿಗಳಲ್ಲಿ ಐದರಷ್ಟು ಗಾಢವಾದ ಒಂದು ಬಗೆಯಿದ್ದಿತು, ಅಮೆರಿಕದಲ್ಲಿ ಅದಿರಲಿಲ್ಲ. ಗಾಢವಾದ ಬಗೆ ಮಾರಾಟವಾದ ದೇಶಗಳಲ್ಲಿಯೇ ಸಾವು ಏರಿದ್ದಿತು. ಸಾವಿಗೆ ಔಷಧವು ಗುಂಡಿಗೆಯ ಮೇಲೆ ಮಾಡಿದ ಪೆಟ್ಟು ಕಾರಣವೋ, ಅಥವಾ ಕ್ಷಣಿಕ ನೆಮ್ಮದಿಗೆ ಮರುಳಾಗಿ ರೋಗಿಗಳು ಆಸ್ಪತ್ರೆಗೆ ತಡವಾಗಿ ಹೋದದ್ದು ಕಾರಣವೋ ಎಂಬ ವಾದ ಬಹುಕಾಲ ನಡೆಯಿತು. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಒಂದನ್ನೊಂದು ಹೊಡೆದುಹಾಕುವ ವಾದಗಳಲ್ಲ. ಉಸಿರು ಕಟ್ಟಿ ರಕ್ತದಲ್ಲಿ ಆಮ್ಲಜನಕ ತಗ್ಗಿದ ಗುಂಡಿಗೆಗೆ ಅದೇ ಗಳಿಗೆಯಲ್ಲಿ ಚಾಟಿಯೇಟು ಬೀಳುವುದು ಎರಡೂ ಕೂಡಿದಾಗಲೇ.

ಸಾವಿನ ಲೆಕ್ಕ ಬರೆಯುತ್ತಿದ್ದ ಆ ವರ್ಷಗಳಲ್ಲಿಯೇ ಇಂಗ್ಲೆಂಡಿನ ವೇರ್ ಎಂಬ ಊರಿನಲ್ಲಿ ಆಲೆನ್ ಅಂಡ್ ಹ್ಯಾನ್‌ಬರೀಸ್ ಸಂಸ್ಥೆಯ ಡೇವಿಡ್ ಜ್ಯಾಕ್ ಮತ್ತು ಸಂಗಡಿಗರು ಐಸೊಪ್ರಿನಲಿನ್ನಿನ ಅಣುವನ್ನು ತಿದ್ದುತ್ತಿದ್ದರು. ಅದರ ದೋಷಗಳು ಎರಡು. ಒಂದು, ದೇಹದ ಕಿಣ್ವವೊಂದು ಅದರ ಉಂಗುರಕ್ಕೆ ಅಂಟಿದ ಒಂದು ಹೈಡ್ರಾಕ್ಸಿಲ್ ಗುಂಪನ್ನು ಹಿಡಿದು ಬೇಗ ನಿಷ್ಫಲಗೊಳಿಸುತ್ತಿದ್ದಿತು. ಎರಡು, ಅದಕ್ಕೆ ಗುಂಡಿಗೆ ಯಾವುದು, ಶ್ವಾಸನಾಳ ಯಾವುದು ಎಂಬ ವಿವೇಕವಿರಲಿಲ್ಲ. ಆ ಹೈಡ್ರಾಕ್ಸಿಲ್ಲನ್ನು ಉಂಗುರದಿಂದ ಒಂದು ಇಂಗಾಲದಷ್ಟು ದೂರ ಸರಿಸಿದಾಗ ಕಿಣ್ವಕ್ಕೆ ಹಿಡಿತ ಸಿಕ್ಕಲಿಲ್ಲ. ಸಾರಜನಕದ ತುದಿಗೆ ತುಂಬುಗಟ್ಟಿನ ಬ್ಯುಟೈಲ್ ಗುಂಪನ್ನು ಕಟ್ಟಿದಾಗ ಶ್ವಾಸನಾಳದ ಒಲವು ಹೆಚ್ಚಿತು. ೧೯೬೭ರಲ್ಲಿ ಲ್ಯಾಂಡ್ಸ್ ಮತ್ತು ಸಂಗಡಿಗರು ಬೀಟಾ ಗ್ರಾಹಕಗಳೇ ಎರಡು ಬಗೆಯವೆಂದು, ಗುಂಡಿಗೆಯಲ್ಲಿ ಪ್ರಧಾನವಾದುದು ಬೀಟಾ-೧, ಶ್ವಾಸನಾಳದಲ್ಲಿ ಬೀಟಾ-೨ ಎಂದು ತೋರಿಸಿದ್ದು ಈ ಕೆಲಸಕ್ಕೆ ಶಾಸ್ತ್ರದ ಬೆಂಬಲವಾಯಿತು. ೧೯೬೮ರಲ್ಲಿ ಹೊಸ ಅಣುವಿನ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ೧೯೬೯ರಲ್ಲಿ ಅದು ರೋಗಿಗಳ ಕೈಗೆ ಬಂದಿತು. ಅದೇ ಸಾಲ್ಬುಟಮಾಲ್.

ಅಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿದ್ದಿತು, ಮುಗಿಯಲಿಲ್ಲ. ಫೆನೊಟೆರಾಲ್ ಎಂಬ, ಅದೇ ಕುಲದ ಆದರೆ ಒತ್ತೊಂದಕ್ಕೆ ಹೆಚ್ಚು ಬಲವಾದ ಪ್ರಮಾಣದಲ್ಲಿ ಮಾರಾಟವಾದ ಔಷಧ ೧೯೭೬ರಲ್ಲಿ ನ್ಯೂಜಿಲೆಂಡಿಗೆ ಬಂದಿತು. ಅಲ್ಲಿಯ ತರುಣರಲ್ಲಿ ಉಬ್ಬಸದ ಸಾವು ಮತ್ತೆ ನೆಗೆಯಿತು. ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್ ಮೊದಲಾದವರು ೧೯೮೯ರಲ್ಲಿ ಸತ್ತವರ ಔಷಧಗಳನ್ನು ಬದುಕಿದವರ ಔಷಧಗಳೊಡನೆ ಹೋಲಿಸಿ ಬೆರಳು ತೋರಿದ ಮೇಲೆ ಅದರ ಬಳಕೆಗೆ ಕಡಿವಾಣ ಬಿದ್ದಿತು, ಸಾವು ಇಳಿಯಿತು. ಈ ಎರಡು ಅನುಭವಗಳಿಂದ ವೈದ್ಯಲೋಕ ನಿಧಾನವಾಗಿ ಗ್ರಹಿಸಿದ ಸಂಗತಿಯಿದು: ಉಬ್ಬಸದಲ್ಲಿ ಸ್ನಾಯುವಿನ ಸೆಳೆತ ಹೊರಗೆ ಕಾಣುವ ಹೊಗೆ, ಒಳಗೆ ಉರಿಯುವುದು ಶ್ವಾಸನಾಳದ ಒಳಪೊರೆಯ ಉರಿಯೂತ. ಸಾಲ್ಬುಟಮಾಲ್ ಆ ಉರಿಯನ್ನು ಆರಿಸುವುದಿಲ್ಲ. ಅದನ್ನು ಆರಿಸುವುದು ೧೯೭೨ರಿಂದ ಬಳಕೆಗೆ ಬಂದ, ಸೇದಿಕೊಳ್ಳುವ ಸ್ಟೀರಾಯ್ಡ್. ಉಬ್ಬಸಕ್ಕಾಗಿ ಅಂತರರಾಷ್ಟ್ರೀಯ ಸೂಚನೆಗಳನ್ನು ಹೊರಡಿಸುವ ‘ಗಿನಾ’ ಮಂಡಲಿಯು ೨೦೧೯ರಲ್ಲಿ, ವಯಸ್ಕರಿಗೂ ಹನ್ನೆರಡು ದಾಟಿದ ಮಕ್ಕಳಿಗೂ ಅಲ್ಪಕಾಲದ ಬೀಟಾ ಉತ್ತೇಜಕವೊಂದನ್ನೇ ಚಿಕಿತ್ಸೆಯಾಗಿ ಕೊಡಕೂಡದೆಂದು, ಸ್ಟೀರಾಯ್ಡೂ ಜೊತೆಗಿರಬೇಕೆಂದು ಸಾರಿತು. ಅರವತ್ತರ ದಶಕದ ಮಕ್ಕಳ ಸಾವಿನಿಂದ ಈ ವಾಕ್ಯಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು.

ನಮ್ಮ ದೇಶದಲ್ಲಿ ಸೇದುವ ಮದ್ದೆಂದರೆ ಹಿಂಜರಿಯುವವರು ಇನ್ನೂ ಬಹಳ. ಒಮ್ಮೆ ಹಿಡಿದರೆ ಬಿಡಲಾಗದ ಚಟವೆಂದು, ರೋಗ ಕೈಮೀರಿದವರಿಗೆ ಮಾತ್ರವೆಂದು ಹೆದರಿ ಮಾತ್ರೆಯನ್ನೋ ಸಿರಪ್ಪನ್ನೋ ಕೇಳುತ್ತಾರೆ. ಲೆಕ್ಕ ನೋಡೋಣ. ಡಬ್ಬಿಯ ಒಂದು ಒತ್ತಿನಲ್ಲಿರುವುದು ೧೦೦ ಮೈಕ್ರೊಗ್ರಾಂ. ಮಾತ್ರೆಯಲ್ಲಿರುವುದು ೨ ಅಥವಾ ೪ ಮಿಲಿಗ್ರಾಂ, ಅಂದರೆ ಇಪ್ಪತ್ತರಿಂದ ನಲವತ್ತರಷ್ಟು. ಬೇಕಾದ ಕಡೆಗೆ ಹೋಗುವುದು ಸ್ವಲ್ಪ; ಉಳಿದದ್ದು ರಕ್ತದಲ್ಲಿ ದೇಹವನ್ನೆಲ್ಲ ಸುತ್ತಿ ಕೈಕಾಲುಗಳ ಸ್ನಾಯುವನ್ನು ಮುಟ್ಟುತ್ತದೆ. ಮಾತ್ರೆ ನುಂಗಿದವರ ಬೆರಳು ಹೆಚ್ಚು ನಡುಗುವುದು ಇದರಿಂದಲೇ. ಆರಂಭದ ಪ್ರಶ್ನೆಗೆ ನಾವು ಹಿಂತಿರುಗಬಹುದಾದ ಸ್ಥಳವೂ ಇದೇ.

ಕೈಕಾಲಿನ ಸ್ನಾಯುವಿನಲ್ಲಿಯೂ ಬೀಟಾ-೨ ಗ್ರಾಹಕಗಳಿವೆ, ಅದೇ ಎರಡನೆಯ ದೂತನೂ ಇದ್ದಾನೆ. ಆದರೆ ಅಲ್ಲಿ ಅವನು ಮಾಡುವ ಕೆಲಸ ಬೇರೆ. ೧೯೫೮ರಲ್ಲಿ ಲಂಡನ್ನಿನ ಬೋಮನ್ ಮತ್ತು ಎಲಿನಾರ್ ಝೈಮಿಸ್ ಬೆಕ್ಕಿನ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಬೆಳಕು ಚೆಲ್ಲಿದವು. ಸ್ನಾಯುಗಳಲ್ಲಿ ಚುರುಕಿನವು, ನಿಧಾನದವು ಎಂದು ಎರಡು ಜಾತಿ. ನಿಂತುಕೊಳ್ಳಲು, ಭಂಗಿಯನ್ನು ಹಿಡಿದಿಡಲು ಬೇಕಾಗುವುದು ನಿಧಾನದ ಜಾತಿ. ಮೀನಖಂಡದೊಳಗಿನ ಸೋಲಿಯಸ್ ಸ್ನಾಯು ಇದಕ್ಕೆ ನಿದರ್ಶನ. ನರ ಒಂದರ ಹಿಂದೊಂದು ಹೊಡೆತ ಕೊಟ್ಟಾಗ, ಮೊದಲನೆಯ ಸೆಳೆತ ಇಳಿಯುವ ಮುನ್ನ ಎರಡನೆಯದು ಬಂದು ಸೇರಿ ಸ್ನಾಯು ಒಂದೇ ಸಮನಾಗಿ ಬಿಗಿಯಾಗಿರುತ್ತದೆ. ಮಣಿಗಳ ನಡುವೆ ಎಡೆ ಕಾಣದಂತೆ ಪೋಣಿಸಿದ ಸರದಂತೆ. ಅಡ್ರಿನಲಿನ್ ಅಥವಾ ಐಸೊಪ್ರಿನಲಿನ್ ಕೊಟ್ಟಾಗ ನಿಧಾನದ ಸ್ನಾಯುವಿನ ಒಂದೊಂದು ಸೆಳೆತವೂ ಬೇಗ ಇಳಿದುಬಿಡುತ್ತದೆ; ಎರಡನೆಯ ದೂತನು ಕ್ಯಾಲ್ಸಿಯಂ ಉಗ್ರಾಣಕ್ಕೆ ಮರಳುವ ವೇಗವನ್ನು ಹೆಚ್ಚಿಸುತ್ತಾನೆ. ಸರದ ಮಣಿಗಳು ಬಿಡಿಬಿಡಿಯಾಗುತ್ತವೆ. ಸಮನಾದ ಬಿಗಿಯ ಬದಲು ಅಲುಗಾಟ ಬರುತ್ತದೆ. ಆರೋಗ್ಯವಂತನ ಕೈಯಲ್ಲಿಯೂ ಕ್ಷಣಕ್ಕೆ ಎಂಟರಿಂದ ಹನ್ನೆರಡು ಸಲದ, ಕಣ್ಣಿಗೆ ಕಾಣದಷ್ಟು ಸಣ್ಣ ನಡುಕವಿದ್ದೇ ಇರುತ್ತದೆ. ಔಷಧ ಅದನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡುತ್ತದೆ. ೧೯೬೭ರಲ್ಲಿ ಮಾರ್ಸ್‌ಡನ್ ಮತ್ತು ಸಂಗಡಿಗರು ಇದಕ್ಕೆ ಕಾರಣವಾದ ಗ್ರಾಹಕಗಳು ಮಿದುಳಿನಲ್ಲಲ್ಲ, ಕೈಯಲ್ಲೇ ಇವೆಯೆಂದು ತೋರಿಸಿಕೊಟ್ಟರು. ಪರೀಕ್ಷೆಯ ಕೊಠಡಿಯಲ್ಲಿ ನಡುಗುವ ಕೈಯೂ ಇದೇ ಮಾರ್ಗದ ಯಾತ್ರಿಕನೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ಅಡ್ರಿನಲಿನ್ ಹೊರಗಿನಿಂದ ಬರಬೇಕಾಗಿಲ್ಲ. ಔಷಧವನ್ನು ಕೆಲವು ದಿನ ಮುಂದುವರಿಸಿದರೆ ನಡುಕ ಸಾಮಾನ್ಯವಾಗಿ ಕಡಮೆಯಾಗುತ್ತದೆ.

ಬೀಟಾ-೨ ಗ್ರಾಹಕ ಕೈಕಾಲಿನ ಸ್ನಾಯುವಿನಲ್ಲಿ ಮಾಡುವ ಇನ್ನೊಂದು ಕೆಲಸ ಸೋಡಿಯಂ-ಪೊಟಾಸಿಯಂ ರೇಚಕವನ್ನು ಚುರುಕುಗೊಳಿಸುವುದು. ದೇಹದ ಪೊಟಾಸಿಯಂ ಬಹುಮಟ್ಟಿಗೆ ಜೀವಕೋಶಗಳ ಒಳಗೇ ಇದೆ, ಅದರಲ್ಲಿಯೂ ಸ್ನಾಯುಗಳಲ್ಲಿ. ರಕ್ತದ್ರವದಲ್ಲಿರುವುದು ಲೀಟರಿಗೆ ೩.೫ರಿಂದ ೫ ಮಿಲಿಮೋಲ್ ಮಾತ್ರ. ಮೂತ್ರಪಿಂಡ ಕೆಟ್ಟು ಪೊಟಾಸಿಯಂ ಏರಿದವರಿಗೆ ೧೦ರಿಂದ ೨೦ ಮಿಲಿಗ್ರಾಂ ಸಾಲ್ಬುಟಮಾಲನ್ನು ಆವಿಯಾಗಿ ಕೊಟ್ಟರೆ ಅದು ಅರ್ಧದಿಂದ ಒಂದು ಮಿಲಿಮೋಲಿನಷ್ಟು ಇಳಿಯುತ್ತದೆ. ಇಲ್ಲಿ ವಂಶಪಾರಂಪರ್ಯವಾಗಿ ಬರುವ ಒಂದು ಅಪರೂಪದ ರೋಗದ ಪ್ರಸ್ತಾಪ ಅವಶ್ಯಕ. ಸ್ನಾಯುವಿನ ಸೋಡಿಯಂ ದ್ವಾರ ಸರಿಯಾಗಿ ಮುಚ್ಚಿಕೊಳ್ಳದೆ ಹೋಗುವುದು ಈ ರೋಗದ ಮೂಲ. ಹೊಂದಿದವರಲ್ಲಿ ಕೆಲವರು ಮುಷ್ಟಿ ಬಿಗಿದರೆ ಬೆರಳು ಬೇಗನೆ ಬಿಚ್ಚದು. ಸ್ನಾಯು ತಾನಾಗಿ ಸೆಳೆದುಕೊಂಡೇ ಇರುತ್ತದೆ. ದುಡಿದು ದಣಿದು ಕುಳಿತಾಗಲೋ, ಬಾಳೆಹಣ್ಣು ಎಳನೀರಿನಂಥ ಪೊಟಾಸಿಯಂ ತುಂಬಿದ ಆಹಾರ ಹೆಚ್ಚಾದಾಗಲೋ ಅದೇ ಸ್ನಾಯು ಸೋತು, ಗಂಟೆಗಟ್ಟಲೆ ಕೈಕಾಲು ಏಳದಂತಾಗುತ್ತದೆ. ೧೯೭೬ರಲ್ಲಿ ಡೆನ್ಮಾರ್ಕಿನ ವಾಂಗ್ ಮತ್ತು ಕ್ಲಾಸನ್ ಈ ರೋಗಿಗಳಿಗೆ ಸಾಲ್ಬುಟಮಾಲ್ ಸೇದಿಸಿ ಸೋಲುವ ಸರದಿಯನ್ನು ತಡೆದರು. ರೇಚಕ ಪೊಟಾಸಿಯಮ್ಮನ್ನು ಒಳಗೆಳೆದು ಸ್ನಾಯುಪೊರೆಯ ವಿದ್ಯುತ್ ಸ್ಥಿತಿಯನ್ನು ಸರಿಪಡಿಸಿತು. ಇದಕ್ಕೆ ಜೋಡಿಯಾದ ಇನ್ನೊಂದು ರೋಗದಲ್ಲಿ ಪೊಟಾಸಿಯಂ ಏರುವ ಬದಲು ಇಳಿದು ಕೈಕಾಲು ಸೋಲುತ್ತವೆ. ಅಲ್ಲಿ ಇದೇ ಔಷಧ ಸೋಲನ್ನು ತಂದೀತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ರಕ್ತಪರೀಕ್ಷೆ ಮಾಡದೆ ಮದ್ದು ಕೊಡುವ ವೈದ್ಯನ ಪಾಡು ನೆನೆಯುವಂತಿಲ್ಲ.

ಮೀನಖಂಡದ ಸೆಟೆತಕ್ಕೆ ಪೊಟಾಸಿಯಮ್ಮಿನ ಇಳಿತವೇ ಕಾರಣವೆಂದು ಹೇಳಿಬಿಡುವುದು ಸುಲಭ, ಪಾಠಗಳಲ್ಲಿ ಹಾಗೆ ಹೇಳುವುದೂ ಉಂಟು. ಆದರೆ ಸೆಟೆತವು ಸ್ನಾಯುವಿನ ನರ ಅಕಾಲದಲ್ಲಿ ಸತತವಾಗಿ ಸಿಡಿಯುವುದರಿಂದ ಆಗುವಂಥದು. ಪೊಟಾಸಿಯಂ ಸರಿಯಿರುವವರಲ್ಲಿಯೂ ಅದು ಬರುತ್ತದೆ. ಔಷಧ ತೆಗೆದುಕೊಳ್ಳುವವರಿಗೆ ಸೆಟೆತ ಕಾಣಿಸಿದರೆ ರಕ್ತದ ಪೊಟಾಸಿಯಮ್ಮನ್ನು ಪರೀಕ್ಷಿಸುವುದು ಸರಿ, ಅಲ್ಲಿಗೇ ವಿಚಾರ ಮುಗಿಯಿತೆಂದು ತಿಳಿಯುವುದು ಸರಿಯಲ್ಲ.

ಕೊನೆಯದಾಗಿ, ಈಚಿನ ವರ್ಷಗಳಲ್ಲಿ ಈ ಔಷಧವನ್ನು ಸಂಶೋಧಕರು ಮತ್ತೊಂದು ಕಡೆಗೆ ಒಯ್ದಿರುವುದನ್ನು ಹೇಳಬೇಕು. ೧೯೩೦ರಲ್ಲಿ, ಸ್ನಾಯುಗಳು ಬೇಗ ಸೋಲುವ ಮಯಸ್ತೀನಿಯ ಗ್ರೇವಿಸ್ ರೋಗಕ್ಕೆ ತಾವೇ ತುತ್ತಾಗಿದ್ದ ಅಮೆರಿಕದ ಹ್ಯಾರಿಯೆಟ್ ಎಡ್ಜ್‌ವರ್ತ್, ಎಫೆಡ್ರಿನ್ ಸೇವಿಸಿದಾಗ ತಮ್ಮ ಕೈಕಾಲಿಗೆ ಬಲ ಬಂದುದನ್ನು ವರದಿಮಾಡಿದರು. ಚೀನೀಯರು ಪ್ರಾಚೀನ ಕಾಲದಿಂದ ಬಳಸುತ್ತಿದ್ದ ಮಾ ಹುವಾಂಗ್ ಗಿಡದಿಂದ ಜಪಾನಿನ ನಾಗಾಯಿ ೧೮೮೫ರಲ್ಲಿ ಬೇರ್ಪಡಿಸಿದ್ದ ಎಫೆಡ್ರಿನ್, ಅಡ್ರಿನಲಿನ್ನಿನ ಬಂಧು. ನಾಲ್ಕು ವರ್ಷಗಳ ಮೇಲೆ ಬೇರೆ ಜಾತಿಯ, ಹೆಚ್ಚು ಬಲವಾದ ಮದ್ದುಗಳು ಬಂದು ಎಡ್ಜ್‌ವರ್ತರ ಮಾತು ಮರೆತುಹೋಯಿತು. ೨೦೦೬ರಲ್ಲಿ ಆಕ್ಸ್‌ಫರ್ಡಿನ ಬೀಸನ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಬರುವ ಇಂಥ ದೌರ್ಬಲ್ಯದ ಒಂದು ಬಗೆಗೆ ಡಾಕ್-೭ ಎಂಬ ಜೀನಿನ ದೋಷ ಕಾರಣವೆಂದು ಕಂಡುಹಿಡಿದರು. ನರವೂ ಸ್ನಾಯುವೂ ಕೂಡುವ ಸಂಧಿಯನ್ನು ಕಟ್ಟಿ ಕಾಪಾಡುವ ಪ್ರೋಟೀನನ್ನು ಆ ಜೀನು ತಯಾರಿಸುತ್ತದೆ. ಉಳಿದ ಬಗೆಗಳಿಗೆ ಗುಣಕೊಡುವ ಮದ್ದುಗಳು ಈ ರೋಗಿಗಳನ್ನು ಇನ್ನಷ್ಟು ಸೊರಗಿಸುತ್ತವೆ. ಎಫೆಡ್ರಿನ್ನೂ ಸಾಲ್ಬುಟಮಾಲೂ ಬಲ ಕೊಡುತ್ತವೆ. ಉಬ್ಬಸದಲ್ಲಿ ನಿಮಿಷಗಳಲ್ಲಿ ಫಲ ತೋರುವ ಮದ್ದು ಇಲ್ಲಿ ವಾರಗಳನ್ನು, ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ಇದು ಸೆಳೆತವನ್ನು ಬಿಡಿಸುವ ಕೆಲಸವಲ್ಲ, ನಡುಕ ತರುವ ಕೆಲಸವೂ ಅಲ್ಲ. ಶಿಥಿಲವಾದ ಸಂಧಿಯನ್ನು ಮೆಲ್ಲಗೆ ಮತ್ತೆ ಕಟ್ಟುವ ಕೆಲಸವಿರಬೇಕು. ಇದೇ ದೋಷವುಳ್ಳ ಇಲಿಗಳಲ್ಲಿ ಸಾಲ್ಬುಟಮಾಲ್ ಕೊಟ್ಟ ಮೇಲೆ ಸಂಧಿಗಳ ರಚನೆ ಉತ್ತಮಗೊಂಡುದು ಕಂಡುಬಂದಿದೆ. ನಡೆಯಲಾರದೆ ಗಾಲಿಕುರ್ಚಿಗೆ ಬಂದಿದ್ದ ಮಕ್ಕಳಲ್ಲಿ ಕೆಲವರು ಈ ಹಳೆಯ ಮಾತ್ರೆಯಿಂದ ಮತ್ತೆ ನಡೆದಿದ್ದಾರೆ. ಅವರ ಬೆರಳುಗಳೂ ಮೊದಲ ಕೆಲವು ದಿನ ನಡುಗಿರಬೇಕು.